ಜೇನು ತೆಗೆದ ಮೇಲೆ ಉಳಿದ ಎರಿ ಏನು ಮಾಡಬೇಕು?

ಹಿತ್ತಲ ಡಬ್ಬಿ, ಗೋಣಿಬೀಡು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿತ್ತಲಲ್ಲಿ ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆಗಳಿವೆ. ಒಂದು ಹಲಸಿನ ಮರದ ಕೆಳಗೆ, ಎರಡು ಕಾಫಿ ಕಣದ ಪಕ್ಕ. ಈ ವರ್ಷ ಹೂಮಳೆ ಹೊತ್ತಿಗೆ ಸರಿಯಾಗಿ ಬಿತ್ತು. ಕಾಫಿ ಹೂವು ಮುಗಿದ ಮೇಲೆ ನೇರಳೆಯೂ ಸಿಕ್ಕಿದ್ದರಿಂದ ಜೇನು ಚೆನ್ನಾಗಿಯೇ ಆಯ್ತು. ಬಾಟಲಿಗೆ ತುಂಬಿ ಆಯ್ತು, ನೆಂಟರಿಗೆ ಹಂಚಿಯೂ ಆಯ್ತು. ಈಗ ಉಳಿದಿರುವುದು ಎರಿ, ಅಂದರೆ ಹುಳ ಕಟ್ಟಿದ ಮೇಣದ ತಟ್ಟಿ.

ಮೂರು ಥರದ್ದು ಇದೆ. ಪಕ್ಕದ ತೋಟದವರ ಯಂತ್ರದಲ್ಲಿ ತಿರುಗಿಸಿ ಜೇನು ತೆಗೆದ ಚೌಕಟ್ಟುಗಳಲ್ಲಿ ಎರಿ ಇಡಿಯಾಗಿ ಉಳಿದಿದೆ. ಯಂತ್ರ ವಾಪಸ್ ಕೊಟ್ಟ ಮೇಲೆ ಉಳಿದದ್ದನ್ನು ಕೈಯಲ್ಲೇ ಹಿಂಡಿದೆವು, ಅದರ ಬಿಳಿ ಮುದ್ದೆ ಒಂದು ಪಾತ್ರೆ ತುಂಬ ಇದೆ, ಇನ್ನೂ ಅಂಟು ಅಂಟು. ಮೂರನೆಯದು, ಕಣದ ಪಕ್ಕದ ಒಂದು ಪೆಟ್ಟಿಗೆಯ ಜೇನು ಪರಾರಿಯಾಯ್ತು. ಅದರ ಸಂಸಾರ ಕೋಣೆಯ, ಅಂದರೆ ಮರಿ ಬೆಳೆಸುವ ಕೋಣೆಯ, ಕಪ್ಪು ಎರಿಗಳನ್ನು ಕಿತ್ತು ಗೊಬ್ಬರದ ಚೀಲದಲ್ಲಿ ಹಾಕಿಟ್ಟಿದ್ದೇವೆ. ನಿನ್ನೆ ಬಿಚ್ಚಿ ನೋಡಿದರೆ ಒಳಗೆಲ್ಲ ಬಿಳಿ ಬಲೆ, ಬೂದು ಬಣ್ಣದ ಹುಳು ಹರಿದಾಡುತ್ತಿವೆ.

ಅತ್ತೆ ಹೇಳುವುದು, ಎಲ್ಲವನ್ನೂ ಒಲೆ ಮೇಲಿನ ಅಟ್ಟಕ್ಕೆ ಹಾಕು, ಹೊಗೆಗೆ ಹುಳ ಬರಲ್ಲ ಅಂತ. ಪೇಟೆಯಲ್ಲಿ ಒಬ್ಬರು ನುಸಿಗುಳಿಗೆ ಹಾಕಿ ಕಟ್ಟಿಡಿ ಅಂದರು. ಮಳೆ ಹಿಡಿಯಲು ಇನ್ನು ಜಾಸ್ತಿ ದಿನ ಇಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕರಗಿಸಬೇಕು, ಹೇಗೆ? ಗೊತ್ತಿದ್ದವರು ಹೇಳಿ.

ಆಲ್ದೂರು ಹುಡುಗ

ಅಕ್ಕ, ನುಸಿಗುಳಿಗೆ ಮಾತ್ರ ಬೇಡ. ಆ ವಾಸನೆ ಮೇಣದೊಳಗೆ ಇಳಿದುಬಿಡುತ್ತದೆ, ಆಮೇಲೆ ಎಷ್ಟು ಗಾಳಿಗೆ ಇಟ್ಟರೂ ಪೂರ್ತಿ ಹೋಗಲ್ಲ. ಅದೇ ಎರಿಯಲ್ಲಿ ಮುಂದಿನ ವರ್ಷ ಜೇನು ತುಂಬಿಸಿ ಮಕ್ಕಳಿಗೆ ಕೊಡ್ತೀರಲ್ವಾ? ಹುಳ ಬಿದ್ದ ಕಪ್ಪು ಎರಿ ಇವತ್ತೇ ಹಿತ್ತಲಿಂದ ಆಚೆ ಹಾಕಿ. ಇಲ್ಲದಿದ್ದರೆ ಉಳಿದ ಪೆಟ್ಟಿಗೆಗೂ ಬರುತ್ತದೆ.

ಕೊಪ್ಪದ ಜೇನಿನವರು

ತಂಗಿ, ಮೂರನ್ನೂ ಬೇರೆ ಬೇರೆ ಇಟ್ಟಿದ್ದೀರಲ್ಲ, ಅರ್ಧ ಕೆಲಸ ಆದ ಹಾಗೆ. ಮೂರಕ್ಕೂ ದಾರಿ ಬೇರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಮೊದಲು ಚೌಕಟ್ಟಿನಲ್ಲಿ ಇಡಿಯಾಗಿ ಉಳಿದ ಎರಿ. ಅದನ್ನು ಯಾವ ಕಾರಣಕ್ಕೂ ಕರಗಿಸಬೇಡಿ. ಜೇನುಹುಳಕ್ಕೆ ಮೇಣ ಹೊರಗೆಲ್ಲೂ ಸಿಗುವುದಿಲ್ಲ. ಹುಟ್ಟಿ ಎರಡು ವಾರದ ಆಸುಪಾಸಿನಲ್ಲಿರುವ ಕೆಲಸಗಾರ ಹುಳಗಳ ಹೊಟ್ಟೆಯ ಅಡಿಯಿಂದ ಅದು ಒಸರಿ ಗಟ್ಟಿಯಾಗುತ್ತದೆ. ಹೊಸ ಎರಿ ಕಟ್ಟುವ ಕಾಲದಲ್ಲಿ ಒಂದು ಬೆಳಿಗ್ಗೆ ತಳಹಲಗೆಯನ್ನು ಹೊರಗೆಳೆದು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಸಾಸಿವೆ ಕಾಳಿನಷ್ಟೇ ಇರುವ ತೆಳು ಚಕ್ಕೆಗಳು ಅಭ್ರಕದ ಹಾಗೆ ಮಿನುಗುತ್ತವೆ. ಕೆಲಸದ ಗಡಿಬಿಡಿಯಲ್ಲಿ ಹುಳಗಳ ಕೈತಪ್ಪಿ ಬಿದ್ದ ಮೇಣ ಅದು. ಅಂಥ ಒಂದೊಂದು ಚಕ್ಕೆಯನ್ನೂ ಕಾಲಿನಿಂದ ಬಾಯಿಗೆ ತಂದು, ಅಗಿದು ಮೆತ್ತಗೆ ಮಾಡಿ, ಗೋಡೆ ಎಬ್ಬಿಸುತ್ತವೆ. ಒಂದು ಕಿಲೋ ಮೇಣ ಆಗಬೇಕಾದರೆ ಹುಳಗಳು 6ರಿಂದ 8 ಕಿಲೋ ಜೇನು ತಿನ್ನಬೇಕು ಅಂತ ಲೆಕ್ಕ ಹೇಳುತ್ತಾರೆ. ಇನ್ನೂ ಜಾಸ್ತಿ ಹೇಳುವವರೂ ಇದ್ದಾರೆ.

ಹಾಗಾಗಿ ಕಟ್ಟಿದ ಎರಿ ವಾಪಸ್ ಕೊಟ್ಟರೆ ಆ ಜೇನೆಲ್ಲ ನಿಮಗೂ ಹುಳಗಳಿಗೂ ಉಳಿಯಿತು. ನಮ್ಮಲ್ಲಿ ಕಾಫಿ ಹೂವು ಇರುವುದೇ ನಾಲ್ಕಾರು ದಿನ. ಆ ದಿನಗಳಲ್ಲಿ ಹುಳ ಎರಿ ಕಟ್ಟುತ್ತಾ ಕೂರಬೇಕೋ, ಸಿದ್ಧ ಎರಿಗೆ ಜೇನು ತುಂಬಬೇಕೋ ನೀವೇ ಯೋಚಿಸಿ. ಮಡಕೆಯಲ್ಲೂ ಮರದ ಪೊಟರೆಯಲ್ಲೂ ಜೇನು ಸಾಕುತ್ತಿದ್ದ ಕಾಲದಲ್ಲಿ ಎರಿ ಕಿತ್ತು ಹಿಂಡದೆ ಬೇರೆ ದಾರಿ ಇರಲಿಲ್ಲ. ನ್ಯೂಟನ್ ಅನ್ನುವ ಪಾದ್ರಿಯೊಬ್ಬರು 1911ರಿಂದ 1917ರ ನಡುವೆ ದಕ್ಷಿಣದ ತುಡುವೆಗೆ ಹೊಂದುವ ಚೌಕಟ್ಟಿನ ಪೆಟ್ಟಿಗೆ ಮಾಡಿಕೊಟ್ಟರು. ನಮ್ಮ ಕಡೆ ಈಗಲೂ ಜಾಸ್ತಿ ಇರುವುದು ಅದೇ. ಚೌಕಟ್ಟು ಇರುವುದೇ ಎರಿ ಉಳಿಸಲಿಕ್ಕೆ. ಮುಂದಿನ ಸಲ ಯಂತ್ರವನ್ನು ಇನ್ನೊಂದು ದಿನ ಕೇಳಿ ಇಟ್ಟುಕೊಳ್ಳಿ, ಕೈಯಲ್ಲಿ ಹಿಂಡುವುದೇ ಬೇಡ. ಹೊಸ ಬಿಳಿ ಎರಿ ಮೆತ್ತಗಿರುತ್ತದೆ, ಮೊದಲು ನಿಧಾನವಾಗಿ ತಿರುಗಿಸಿ. ಒಂದು ಬದಿ ಅರ್ಧ ಖಾಲಿಯಾದ ಮೇಲೆ ಮಗುಚಿ. ಆಗ ಮುರಿಯುವುದಿಲ್ಲ.

ಈಗ ಆ ಚೌಕಟ್ಟುಗಳನ್ನು ಇವತ್ತು ಮುಸ್ಸಂಜೆ ಹೊತ್ತಿಗೆ ಬಲವಾದ ಪೆಟ್ಟಿಗೆಯ ಮೇಲಿನ ಜೇನು ಕೋಣೆಯಲ್ಲಿ ಇಡಿ. ಹಗಲು ಬೇಡ. ಜೇನಿನ ವಾಸನೆಗೆ ಬೇರೆ ಪೆಟ್ಟಿಗೆಯ ಹುಳ ಬಂದು ಕಳ್ಳತನ ಶುರುವಾದರೆ ಬಲ ಕಡಿಮೆ ಇರುವ ಕುಟುಂಬಕ್ಕೆ ಕಷ್ಟ. ಆ ಪೆಟ್ಟಿಗೆಯ ಹುಳಗಳೇ ಅಂಟಿದ ಜೇನನ್ನೆಲ್ಲ ನೆಕ್ಕಿ ಎರಿ ಒಣಗಿಸಿ ಕೊಡುತ್ತವೆ. ಒಂದೆರಡು ದಿನ ಬಿಟ್ಟು ತೆಗೆಯಿರಿ. ಅಂಟಿರುವಾಗಲೇ ಕಟ್ಟಿಟ್ಟರೆ ಮಳೆಗಾಲದ ತೇವಕ್ಕೆ ಜೇನು ಹುಳಿ ಬರುತ್ತದೆ, ಇರುವೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ.

ಆಮೇಲೆ ಮೇಣದ ಹುಳದ ಮಾತು. ನಿಮ್ಮ ಚೀಲದಲ್ಲಿರುವುದು ಅದೇ. ಬೂದು ಬಣ್ಣದ ಪತಂಗ ರಾತ್ರಿ ಹೊತ್ತು ಬಂದು ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಎರಿಯೊಳಗೆ ಸುರಂಗ ಕೊರೆದು, ಬಲೆ ನೇಯ್ದುಕೊಂಡು ತಿನ್ನುತ್ತಾ ಹೋಗುತ್ತದೆ. ಅದಕ್ಕೆ ಬರೀ ಮೇಣ ಸಾಲದು. ಜೇನುಮರಿ ಬೆಳೆದು ಬಿಟ್ಟುಹೋದ ಪೊರೆ, ಉಳಿದ ಪರಾಗ ಬೇಕು. ಅದಕ್ಕೇ ಕಪ್ಪು ಎರಿಗೆ ಮೊದಲು ಬೀಳುತ್ತದೆ, ಮರಿಯೇ ಇಡದ ಬಿಳಿ ಎರಿಗೆ ಕಡಿಮೆ.

ಜೇನು ಕೋಣೆಯ ಚೌಕಟ್ಟು ಗೇಣುದ್ದ, ನಾಲ್ಕು ಬೆರಳಗಲ ಅಷ್ಟೇ ತಾನೇ? ಮನೆ ಫ್ರಿಜ್ಜಿನ ಮೇಲಿನ ಫ್ರೀಜರಿನಲ್ಲಿ ಆರಾಮವಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಹೋಗದ ಹಾಗೆ ಸುತ್ತಿ ಇಡಿ. ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಗೆ ಎರಡು ಗಂಟೆಯಲ್ಲಿ ಮೊಟ್ಟೆಯೂ ಸಾಯುತ್ತದೆ. ಆದರೆ ಚಳಿ ಎರಿಯ ನಡುವಿನ ತನಕ ಇಳಿಯಬೇಕು, ನಮ್ಮ ಕಡೆ ಕರೆಂಟು ಹೋಗಿ ಬಂದು ಮಾಡುತ್ತದೆ. ಅದಕ್ಕೆ ಎರಡು ದಿನ ಬಿಡಿ. ಹೊರಗೆ ತೆಗೆದಾಗ ಕವರ್ ತಕ್ಷಣ ಬಿಚ್ಚಬೇಡಿ. ಎರಿಯ ಚಳಿ ಬಿಡುವ ತನಕ ಹಾಗೇ ಇರಲಿ, ಇಲ್ಲದಿದ್ದರೆ ಎರಿ ಮೇಲೆಲ್ಲ ನೀರು ಕೂರುತ್ತದೆ. ಚಳಿಯಲ್ಲಿ ಎರಿ ಗಾಜಿನಷ್ಟು ಪೆಡಸು, ಮುಟ್ಟುವಾಗ ನಿಧಾನ.

ಅಷ್ಟಾದ ಮೇಲೆ ಪತಂಗ ಹೊಗದ ಹಾಗೆ ಮುಚ್ಚಿಡಬೇಕು. ಬಿಗಿ ಮುಚ್ಚಳದ ಡಬ್ಬ ಆದೀತು, ಎರಿ ಪೂರ್ತಿ ಒಣಗಿದ್ದರೆ ಮಾತ್ರ. ನನಗೆ ಅದಕ್ಕಿಂತ ಇಷ್ಟ, ಬೆಳಕು ಗಾಳಿ ಇರುವ ಪಡಸಾಲೆಯಲ್ಲಿ ಚೌಕಟ್ಟುಗಳನ್ನು ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ನೇತುಹಾಕಿ, ಸುತ್ತ ಸೊಳ್ಳೆಪರದೆ ಬಟ್ಟೆ ಕಟ್ಟುವುದು. ಪತಂಗಕ್ಕೆ ಬೇಕಾದದ್ದು ಕತ್ತಲೆ, ಇಕ್ಕಟ್ಟು. ಅತ್ತೆಯವರ ಮಾತಲ್ಲೂ ಅರ್ಥ ಇದೆ, ಒಲೆ ಮೇಲೆ ತೇವ ಇರಲ್ಲ. ಆದರೆ ಮೇಣ ಹೊಗೆ ವಾಸನೆ ಹೀರಿಕೊಳ್ಳುತ್ತದೆ, ಅದು ಮುಂದಿನ ಜೇನಿಗೆ ಬರುತ್ತದೆ. ಕರಗಿಸಿದ ಮೇಣದ ಬಿಲ್ಲೆ ಬೇಕಾದರೆ ಅಟ್ಟದ ಆಚೆ ಮೂಲೆಯಲ್ಲಿ ಇಡಲಿ, ಚೌಕಟ್ಟು ಬೇಡ.

ಇನ್ನು ಕಪ್ಪು ಎರಿ. ಅದನ್ನು ತುಡುವೆಗೆ ವಾಪಸ್ ಕೊಡಬೇಡಿ. ಮೆಲ್ಲಿಫೆರಾ ಅನ್ನುವ ಹೊರದೇಶದ ಜೇನು ಸಾಕುವವರು ಮರಿ ಎರಿಯನ್ನು ವರ್ಷಗಟ್ಟಲೆ ಓಡಿಸುತ್ತಾರೆ, ಅದನ್ನು ನೋಡಿ ನಾವೂ ಹಾಗೆ ಮಾಡಬಾರದು. ತುಡುವೆಗೆ ಹೊಸ ಎರಿಯೇ ಇಷ್ಟ. ಹಳೆಯದನ್ನು ತಾನೇ ಕಡಿದು ಕೆಳಗೆ ಉದುರಿಸುತ್ತದೆ. ಆ ಪುಡಿ ತಳಹಲಗೆ ಮೇಲೆ ಬಿದ್ದರೆ ಮೇಣದ ಹುಳಕ್ಕೆ ಅಲ್ಲೇ ತೊಟ್ಟಿಲು. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಳಹಲಗೆ ಗುಡಿಸಿ. ಜೇನುಹುಳ ಮುತ್ತಿಕೊಳ್ಳದ ಎರಿ ಇದ್ದರೆ ತೆಗೆದುಬಿಡಿ.

ಕರಗಿಸುವ ಮೊದಲು ಒಂದು ಕೆಲಸ. ಆ ಪೆಟ್ಟಿಗೆ ಯಾಕೆ ಪರಾರಿಯಾಯ್ತು ಅಂತ ಎರಿಯನ್ನೇ ಕೇಳಬೇಕು. ಮುಚ್ಚಳ ಹಾಕಿದ ಕೋಶಗಳಲ್ಲಿ ಸಣ್ಣ ತೂತು ಇದ್ದು, ಒಳಗೆ ಮರಿ ತಲೆ ಮೇಲೆತ್ತಿ ಸತ್ತಿದ್ದು, ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಥರ ಬಂದರೆ ಅದು ಥಾಯ್ ಸ್ಯಾಕ್‌ಬ್ರೂಡ್ ರೋಗ. 1990ರ ದಶಕದ ಶುರುವಿನಲ್ಲಿ ದಕ್ಷಿಣದ ತುಡುವೆಯನ್ನೆಲ್ಲ ಗುಡಿಸಿಹಾಕಿದ್ದು ಇದೇ. ಹಾಗೆ ಕಂಡರೆ ಆ ಪೆಟ್ಟಿಗೆಯ ಯಾವ ಎರಿಯೂ ಇನ್ನೊಂದಕ್ಕೆ ಹೋಗಬಾರದು. ಚಾಕು, ಕೈಗವಸು ಕೂಡ ಕುದಿನೀರಲ್ಲಿ ತೊಳೆಯಿರಿ. ಬರೀ ಬಲೆ, ಹುಳ ಅಷ್ಟೇ ಇದ್ದರೆ ಚಿಂತೆ ಬೇಡ.

ಹುಡುಗ ಆಚೆ ಹಾಕಿ ಅಂದ. ಹಾಗೇ ಎಸೆದರೆ ಪತಂಗ ಅಲ್ಲೇ ಬೆಳೆದು ವಾಪಸ್ ಬರುತ್ತದೆ. ಕರಗಿಸಿದರೆ ಹುಳವೂ ಸತ್ತಿತು, ಮೇಣವೂ ಬಂತು. ಹೇಗೆ ಅಂತ ನಾಳೆ ಬರೆಯುತ್ತೇನೆ. ಕಪ್ಪು ಎರಿ ಮಾತ್ರ ಈಗಲೇ ಮುರಿದು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ.

ಹಿತ್ತಲ ಡಬ್ಬಿ, ಗೋಣಿಬೀಡು

ಅಣ್ಣ, ತುಂಬಾ ಉಪಕಾರ ಆಯ್ತು. ಎರಿ ನೋಡಿದೆ. ಸತ್ತ ಮರಿ ಯಾವುದೂ ಇಲ್ಲ, ಬಲೆ ಹುಳ ಅಷ್ಟೇ. ನೀರಲ್ಲಿ ಹಾಕಿದ್ದೇನೆ. ಚೌಕಟ್ಟುಗಳನ್ನು ಹಲಸಿನ ಮರದ ಪೆಟ್ಟಿಗೆಗೆ ಕೊಟ್ಟೆ. ನೀರಲ್ಲಿ ಯಾಕೆ ನೆನೆಸುವುದು? ಕರಗಿಸುವುದು ಗ್ಯಾಸ್ ಮೇಲೆ ಆಗುತ್ತಾ?

ಕೊಪ್ಪದ ಜೇನಿನವರು

ನೆನೆಸುವುದು ಯಾಕೆಂದರೆ, ಕಪ್ಪು ಎರಿಯ ಒಳಗೆ ಮರಿಗಳ ಪೊರೆ ಪದರ ಪದರವಾಗಿ ಕೂತಿರುತ್ತದೆ. ಒಣ ಎರಿ ಕಾಯಿಸಿದರೆ ಕರಗಿದ ಮೇಣವನ್ನೆಲ್ಲ ಆ ಪೊರೆಯೇ ಕುಡಿದುಬಿಡುತ್ತದೆ. ಮೊದಲೇ ನೀರು ಕುಡಿದಿದ್ದರೆ ಮೇಣಕ್ಕೆ ಜಾಗ ಇರಲ್ಲ. ಕೈಯಲ್ಲಿ ಹಿಂಡಿದ ಬಿಳಿ ಮುದ್ದೆಯನ್ನು ಇದರ ಜೊತೆ ಸೇರಿಸಬೇಡಿ. ತಣ್ಣೀರಲ್ಲಿ ಜೇನು ಬಿಡುವ ತನಕ ತೊಳೆದು ಬೇರೆಯಾಗಿ ಕರಗಿಸಿ. ಅದರಿಂದ ಬರುವ ಮೇಣ ನಿಂಬೆಹಳದಿ ಬಣ್ಣದ್ದು, ಪರಿಮಳವೂ ಚೆಂದ.

ಗ್ಯಾಸ್ ಆಗುತ್ತದೆ, ಆದರೆ ಸಣ್ಣ ಉರಿ. ಮೇಣದ ಪಾತ್ರೆ ನೇರ ಬೆಂಕಿಗೆ ಯಾವತ್ತೂ ಇಡಬೇಡಿ, ನೀರು ಇರಲೇಬೇಕು. ಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ. ನೀರು ಕೊತಕೊತ ಕುದಿಯುವುದು ಬೇಕಾಗಿಯೇ ಇಲ್ಲ. ಕುದಿದರೆ ಉಕ್ಕಿ ಒಲೆ ಮೇಲೆ ಬಿದ್ದು ಹತ್ತಿಕೊಳ್ಳುತ್ತದೆ. ಹಾಗೇನಾದರೂ ಆದರೆ ನೀರು ಎರಚಬೇಡಿ, ಮುಚ್ಚಳ ಮುಚ್ಚಿ ಗ್ಯಾಸ್ ಆರಿಸಿ. ಒಲೆ ಹತ್ತಿಸಿದ ಮೇಲೆ ಅಲ್ಲಿಂದ ಏಳಬಾರದು.

ಪಾತ್ರೆ ಸ್ಟೀಲಿನದು, ಹಳೆಯದು. ಆಮೇಲೆ ಅದು ಅಡುಗೆಗೆ ಆಗಲ್ಲ. ಕಬ್ಬಿಣ, ತಾಮ್ರ, ಹಿತ್ತಾಳೆಯಲ್ಲಿ ಮೇಣದ ಬಣ್ಣ ಕೆಡುತ್ತದೆ. ನೀರು ಮಳೆಯದ್ದೋ ಅಬ್ಬಿಯದ್ದೋ ಆದರೆ ಒಳ್ಳೆಯದು. ಬೋರಿನ ಗಡಸು ನೀರಲ್ಲಿ ಮೇಣ ರವೆ ರವೆಯಾಗಿ ನೀರಿನ ಜೊತೆ ಬೆರೆಯುತ್ತದೆ. ಬೇರೆ ನೀರು ಇಲ್ಲದಿದ್ದರೆ ಒಂದು ನಿಂಬೆಹಣ್ಣು ಹಿಂಡಿ.

ನೆನೆದ ಎರಿಯನ್ನು ಹಳೆ ಪಂಚೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಒಳಗೇ ಒಂದು ತೊಳೆದ ಕಲ್ಲು ಹಾಕಿ, ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿ. ಬಿಸಿಯಾಗುತ್ತಾ ಬಂದ ಹಾಗೆ ಬಟ್ಟೆಯ ನೇಯ್ಗೆಯಿಂದ ಹಳದಿ ಹನಿಗಳು ಒಂದೊಂದೇ ಬಿಡಿಸಿಕೊಂಡು ಮೇಲೇಳುತ್ತವೆ. ಮೇಲೆ ಬಂದು ಅಗಲವಾಗಿ, ಒಂದಕ್ಕೊಂದು ಕೂಡಿ, ಕೊನೆಗೆ ನೀರೆಲ್ಲ ಮುಚ್ಚಿಹೋಗುತ್ತದೆ. ಸೌಟಿನಿಂದ ಗಂಟನ್ನು ಅದುಮಿ, ತಿರುಗಿಸಿ, ಮತ್ತೆ ಅದುಮಿ. ಹನಿ ಬರುವುದು ನಿಂತಾಗ ಉರಿ ಆರಿಸಿ, ಗಂಟನ್ನು ತೆಗೆದು, ಪಾತ್ರೆ ಮುಚ್ಚಿ ಗೋಣಿ ಸುತ್ತಿಡಿ. ನಿಧಾನಕ್ಕೆ ತಣಿದಷ್ಟೂ ಕಸ ಕೆಳಗಿಳಿಯುತ್ತದೆ, ಬಿಲ್ಲೆ ಬಿರುಕು ಬಿಡಲ್ಲ. ರಾತ್ರಿ ಹೊತ್ತೇ ಮಾಡಿ. ಹಗಲಾದರೆ ಮೇಣದ ಪರಿಮಳಕ್ಕೆ ನಿಮ್ಮ ಹುಳಗಳೆಲ್ಲ ಅಡುಗೆಮನೆಗೆ ಬರುತ್ತವೆ.

ಬೆಳಿಗ್ಗೆ ಬಿಲ್ಲೆ ಎತ್ತಿ, ಅಡಿಯಲ್ಲಿ ಅಂಟಿದ ಕಂದು ಗಸಿಯನ್ನು ಚಾಕುವಿನಲ್ಲಿ ಕೆರೆದು ತೆಗೆಯಿರಿ. ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಸಣ್ಣ ಪಾತ್ರೆ ಇಟ್ಟು ಇನ್ನೊಮ್ಮೆ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ ಅಚ್ಚಿಗೆ ಹುಯ್ಯಿರಿ. ಕಪ್ಪು ಎರಿಯಲ್ಲಿ ಮೇಣ ಕಮ್ಮಿ. ಚೀಲ ತುಂಬ ಎರಿಗೆ ಒಂದು ಸಣ್ಣ ಬಿಲ್ಲೆ ಬಂದರೆ ಬೇಜಾರಾಗಬೇಡಿ. ಕರಗಿದ ಮೇಣವನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪು ಕಟ್ಟುತ್ತದೆ.

ಗಂಟಿನಲ್ಲಿ ಉಳಿದ ಗಸಿಯಲ್ಲಿ ಇನ್ನೂ ಮೇಣ ಇರುತ್ತದೆ. ಉಂಡೆ ಕಟ್ಟಿ ಒಣಗಿಸಿ ಇಟ್ಟುಕೊಳ್ಳಿ. ಆಷಾಢದಲ್ಲಿ ಬಚ್ಚಲ ಒಲೆಗೆ ಹಸಿ ಸೌದೆ ಹತ್ತಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಆಲ್ದೂರು ಹುಡುಗ

ಅಣ್ಣ, ಒಂದು ಮಾತು. ಕಪ್ಪು ಎರಿ ಎಲ್ಲ ಕರಗಿಸಿದರೆ ಖಾಲಿ ಪೆಟ್ಟಿಗೆಗೆ ಜೇನು ಕೂರಿಸುವುದು ಹೇಗೆ? ನಮ್ಮ ಕಡೆ ಹಳೆ ಎರಿ ತುಂಡು ಒಳಗೆ ಕಟ್ಟಿ ಮರದ ಕವಲಲ್ಲಿ ಪೆಟ್ಟಿಗೆ ಇಡುತ್ತಾರೆ. ಹಳೆ ಗೂಡಿನಿಂದ ಪಾಲಾಗಿ ಬಂದ ಜೇನು ತಾನಾಗೇ ಹೊಕ್ಕು ಕೂರುತ್ತದೆ. ಹೊಸ ಮರದ ವಾಸನೆ ಪೆಟ್ಟಿಗೆಗೆ ಬರೋದೇ ಇಲ್ಲ.

ಕೊಪ್ಪದ ಜೇನಿನವರು

ಸರಿಯಾಗಿ ಹೇಳಿದೆ ಮಾರಾಯ. ಹಳೆ ಎರಿಯ ವಾಸನೆಗೆ ಜೇನು ಬರುವುದು ನಿಜ. ಆದರೆ ಪತಂಗ ಅದಕ್ಕಿಂತ ಮೊದಲೇ ಬರುತ್ತದಲ್ಲ? ಜೇನು ಬಂದು ನೋಡುವಾಗ ಒಳಗೆ ಬಲೆ ಕಟ್ಟಿದ್ದರೆ ಏನು ಉಪಯೋಗ? ಎರಿ ಬದಲು ಆ ಗಸಿಯನ್ನೋ ಕರಗಿಸಿದ ಮೇಣವನ್ನೋ ಪೆಟ್ಟಿಗೆ ಒಳಗೋಡೆಗೂ ಬಾಗಿಲ ಹತ್ತಿರವೂ ಬಿಸಿಯಲ್ಲೇ ಉಜ್ಜು. ವಾಸನೆ ಅದೇ, ಮೇಣದ ಹುಳಕ್ಕೆ ತಿನ್ನಲು ಹೆಚ್ಚೇನೂ ಇಲ್ಲ. ಎರಿ ತುಂಡೇ ಬೇಕು ಅನ್ನುವವರು ಪಾಲಾಗುವ ದಿನಗಳಲ್ಲಿ ಮಾತ್ರ ಎರಡು ಬೆರಳಿನಷ್ಟು ಕಟ್ಟಲಿ. ರೋಗ ಬಂದ ಪೆಟ್ಟಿಗೆಯದ್ದು ಬೇಡವೇ ಬೇಡ.

ಮೇಣದ ಮೊದಲ ಹಕ್ಕು ಜೇನಿಗೇ ಅಂತ ನಾನು ನಂಬಿದ್ದೇನೆ. ಖಾಲಿ ಚೌಕಟ್ಟಿನ ಮೇಲ್ಪಟ್ಟಿಯ ಅಡಿಗೆ, ನಟ್ಟ ನಡುವೆ, ಕರಗಿದ ಮೇಣವನ್ನು ಕುಂಚದಲ್ಲಿ ಒಂದು ಗೆರೆ ಎಳೆಯಿರಿ. ಒಣಗಿದ ಮೇಲೆ ಅದರ ಮೇಲೇ ಇನ್ನೊಂದು ಗೆರೆ. ಸ್ವಲ್ಪ ಉಬ್ಬಿದ ಏಣು ಆಗಬೇಕು. ಹುಳ ಅದನ್ನೇ ಹಿಡಿದು ನೇರವಾಗಿ ಎರಿ ಇಳಿಸುತ್ತದೆ. ಇಲ್ಲದಿದ್ದರೆ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಅಡ್ಡ ಕಟ್ಟಿ, ಎತ್ತುವಾಗ ಎಲ್ಲ ಹರಿಯುತ್ತದೆ. ಪೇಟೆಯಲ್ಲಿ ಸಿಗುವ, ಕೋಶದ ಅಚ್ಚು ಒತ್ತಿದ ಮೇಣದ ಹಾಳೆ ಕೊಳ್ಳುವಾಗ ತುಡುವೆಯದ್ದೇ ಅಂತ ಕೇಳಿ. ಮೆಲ್ಲಿಫೆರಾ ಹಾಳೆಯ ಕೋಶ ದೊಡ್ಡದು, ತುಡುವೆಗೆ ಹೊಂದಲ್ಲ.

ಸಕಲೇಶಪುರದ ಅಕ್ಕ

ಜೇನಿಗೆ ಕೊಟ್ಟು ಮಿಕ್ಕಿದರೆ ನಮಗೂ ಸ್ವಲ್ಪ ಇರಲಿ ಅಣ್ಣ. ನಮ್ಮ ಅಜ್ಜಿ ಹಣೆಗೆ ಮೊದಲು ಮೇಣ ಒತ್ತಿ ಆಮೇಲೆ ಕುಂಕುಮ ಇಡುತ್ತಿದ್ದರು. ಗದ್ದೆಯಲ್ಲಿ ಬೆವರಿದರೂ ಸಂಜೆ ತನಕ ಹಾಗೇ ನಿಲ್ಲುತ್ತಿತ್ತು. ಬೆಳ್ಳಿ ಭರಣಿಯ ಒಂದು ಬದಿ ಕುಂಕುಮ, ಇನ್ನೊಂದು ಬದಿ ಮೇಣ. ಮೇಣದ ಮೇಲೆ ಅಜ್ಜಿಯ ಉಂಗುರ ಬೆರಳಿನ ಗುಳಿ ಬಿದ್ದಿರುತ್ತಿತ್ತು. ಈಗ ಸ್ಟಿಕ್ಕರ್ ಬಂದು ಮೇಣ ಕೇಳುವವರಿಲ್ಲ. ನನಗೆ ಸ್ಟಿಕ್ಕರಿನ ಅಂಟಿಗೆ ಹಣೆ ತುರಿಸುತ್ತದೆ, ಹಾಗಾಗಿ ನಾನು ಮತ್ತೆ ಮೇಣಕ್ಕೇ ಬಂದಿದ್ದೇನೆ. ಮೇಣಕ್ಕೆ ಅದರರ್ಧದಷ್ಟು ಕೊಬ್ಬರಿ ಎಣ್ಣೆ ಸೇರಿಸಿ ಬಿಸಿನೀರ ಮೇಲೆ ಕರಗಿಸಿ ಇಟ್ಟುಕೊಳ್ಳುತ್ತೇನೆ.

ಹಿಮ್ಮಡಿ ಒಡಕಿಗಾದರೆ ಮೇಣ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ತೂಕದಲ್ಲಿ. ರಾತ್ರಿ ಕಾಲು ತೊಳೆದು ಒರೆಸಿ ಹಚ್ಚಿ ಕಾಲುಚೀಲ ಹಾಕಿ ಮಲಗಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಡಿಸೆಂಬರಿನಲ್ಲಿ ಬಹಳ ಬೇಕಾಗುತ್ತದೆ. ಕಪ್ಪು ಎರಿಯ ಮೇಣ ಮೈಗೆ ಬೇಡ. ಅದು ಬಾಗಿಲು, ತೊಲೆ, ಕುರ್ಚಿಗೆ ಉಜ್ಜಲಿಕ್ಕೆ. ಬಿಳಿ ಎರಿಯದ್ದು ಮಾತ್ರ ಹಣೆಗೆ, ಕಾಲಿಗೆ.

ಹಿತ್ತಲ ಡಬ್ಬಿ, ಗೋಣಿಬೀಡು

ಅಕ್ಕ, ಅತ್ತೆಗೆ ಓದಿ ಹೇಳಿದೆ. ಅವರ ಹತ್ತಿರವೂ ಆ ಥರದ ಭರಣಿ ಇದೆ, ಮೇಣದ ಬದಿ ಖಾಲಿ. ಬಿಳಿ ಮುದ್ದೆ ಕರಗಿಸಿ ಆಯ್ತು, ಹಳದಿ ಬಿಲ್ಲೆ ಬಂದಿದೆ. ಅದರಲ್ಲಿ ಒಂದು ತುಂಡು ಅತ್ತೆಗೆ, ಉಳಿದದ್ದು ಚೌಕಟ್ಟಿಗೆ. ಕಪ್ಪು ಎರಿ ಇವತ್ತು ರಾತ್ರಿ. ಚೌಕಟ್ಟುಗಳು ನಾಡಿದ್ದು ಫ್ರೀಜರಿಗೆ, ಮೀನು ಇರುವ ಕಡೆ ಬೇಡ ಅಂತ ಬೇರೆ ಖಾನೆ ಖಾಲಿ ಮಾಡಿದ್ದೇನೆ.

ಬೇಲೂರು ಕಡೆಯವರು

ಇಲ್ಲೇ ಒಂದು ಕೇಳಿಬಿಡುತ್ತೇನೆ. ಹೋದ ವರ್ಷದ ಮೇಣದ ಬಿಲ್ಲೆ ಕಾಗದದಲ್ಲಿ ಸುತ್ತಿ ಇಟ್ಟಿದ್ದೆ. ಈಗ ನೋಡಿದರೆ ಮೇಲೆಲ್ಲ ಬಿಳಿ ಪುಡಿ. ಬೂಷ್ಟು ಹಿಡಿದಿದೆಯಾ? ಎಸೆಯಬೇಕಾ?

ಕೊಪ್ಪದ ಜೇನಿನವರು

ಎಸೆಯಬೇಡಿ ಸರ್, ಬೂಷ್ಟು ಅಲ್ಲ. ಜೇನುಮೇಣ ತಂಪಲ್ಲಿ ಕೂತಷ್ಟೂ ಮೇಲೆ ಹೀಗೆ ಬಿಳಿ ಹೊದಿಕೆ ಬರುತ್ತದೆ, ಅದೂ ಮೇಣವೇ. ಮೆತ್ತನೆ ಬಟ್ಟೆಯಲ್ಲಿ ಉಜ್ಜಿ, ಇಲ್ಲವೇ ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಇಡಿ, ಹೋಗುತ್ತದೆ. ಬೆರಳಿಗೆ ಅಂಟಿ, ತಿಕ್ಕಿದಾಗ ಕರಗಿದರೆ ಮೇಣ. ನೂಲು ನೂಲಾಗಿ ಎದ್ದು ಕಮಟು ವಾಸನೆ ಬಂದರೆ ಮಾತ್ರ ಬೂಷ್ಟು. ಅದು ತೊಳೆಯದೆ ಕರಗಿಸಿ ಜೇನು ಉಳಿದ ಬಿಲ್ಲೆಗೆ ಬರುತ್ತದೆ. ಹಾಗಿದ್ದರೆ ಮೇಲಿನ ಪದರ ಕೆರೆದು, ಇನ್ನೊಮ್ಮೆ ನೀರಲ್ಲಿ ಕರಗಿಸಿ.